ಇಂಗಾಲಕ್ಕೆ ಲೆಕ್ಕ ಐತೆ, ಜಾತಿಗೆ ಯಾಕಿಲ್ಲ?



ನಮ್ಮ ಕಡೆ ಒಂದು ಮಾತು ಐತೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಹಂಪಿಯ ಸೊಬಗು ಹೊರಗಿನಿಂದಲೇ ಕಾಣುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಕೆತ್ತನೆ ನೋಡಬೇಕಾದರೆ ಒಳಗೆ ಹೋಗಿ ತಲೆ ಎತ್ತಬೇಕು. ಮಾತು ಚೆನ್ನಾಗಿದೆ. ಆದರೆ ಒಳಗೆ ನೋಡಬೇಕಾದರೆ ಮೊದಲು ಒಳಗೆ ಬಿಡಬೇಕಲ್ಲ? ನಾಡಿನ ಎಷ್ಟೋ ಊರುಗಳ ಗುಡಿಗಳ ಮುಂದೆ ನಮ್ಮ ಅಜ್ಜಂದಿರು ಹೊರಗೇ ನಿಂತು ಕೈ ಮುಗಿದು ಬಂದವರು. ಅವರಿಗೆ ಎಲ್ಲಾ ಊರೂ ಹಂಪಿಯೇ.

ಈ ಮಾತನ್ನು ನಾವೀಗ ಬೆಂಗಳೂರಿನ ಗಾಜಿನ ಗುಡಿಗಳಿಗೆ ಹಚ್ಚಿ ನೋಡಬೇಕಾಗಿದೆ. ಅದಕ್ಕೆ ಕಾರಣವಾದ ಸಂಗತಿ ಹೇಳುತ್ತೇವೆ.

ಎರಡು ವರ್ಷದ ಕೆಳಗೆ ನಮ್ಮ ಸೀಮೆಯ ಒಂದು ಮೆಟ್ರಿಕ್ ನಂತರದ ಹಾಸ್ಟೆಲಿಗೆ ಒಂದು ಕಂಪನಿಯವರು ಬಂದಿದ್ದರು. ಹೆಸರು ಬೇಡ. ದೇಶ ದೇಶಗಳ ಮಾಹಿತಿ ಕೂಡಿಟ್ಟು ಮಾರುವುದು ಅವರ ಕಸುಬು. ತಮ್ಮ ಆಫೀಸಿನಲ್ಲಿ ಬಳಸಿ ಬಿಟ್ಟ ಇಪ್ಪತ್ತು ಕಂಪ್ಯೂಟರ್, ಕಂಪನಿ ಗುರುತಿನ ಬ್ಯಾಗು, ಒಂದು ಬ್ಯಾನರು ತಂದಿದ್ದರು. ಅವತ್ತು ನಮಗೆಲ್ಲ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿಸಿ ಕೂರಿಸಿದ್ದರು. ಅವರು ಬಂದದ್ದು ಹನ್ನೊಂದೂವರೆಗೆ. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಭಾಷಣ ಆಯ್ತು. ಮೇಡಮ್ ಒಬ್ಬರು ಪಿಯುಸಿ ಹುಡುಗನ ಹೆಗಲ ಮೇಲೆ ಕೈಯಿಟ್ಟು, ಮುಂದೆ ಏನಾಗ್ತೀಯಪ್ಪಾ ಅಂತ ಕೇಳಿದರು. ಅವನು, 'ನಿಮ್ಮ ಕಂಪನೀಲಿ ಒಂದು ಕೆಲಸ ಕೊಡ್ರಿ ಮೇಡಂ' ಅಂದ. ಎಲ್ಲರೂ ನಕ್ಕರು. ಚೆನ್ನಾಗಿ ಓದು ಅಂದರು. ಫೋಟೋ ತೆಗೆದರು. ಆ ಫೋಟೋ ಕಂಪನಿಯ ಆ ವರ್ಷದ ಸಾಮಾಜಿಕ ಹೊಣೆ ಮತ್ತು ಸುಸ್ಥಿರತೆಯ ವರದಿಯಲ್ಲಿ ಬಂತು, ಅರ್ಧ ಪುಟ. ಹುಡುಗನ ಹೆಸರಿಲ್ಲ, ಊರಿನ ಹೆಸರಿಲ್ಲ. ಕೆಳಗೆ ಗ್ರಾಮೀಣ ಭಾರತದ ಕನಸುಗಳು ಎಂಬಂಥ ಒಂದು ಸಾಲು.

ದಸರಾ ಹೊತ್ತಿಗೆ ಇಪ್ಪತ್ತರಲ್ಲಿ ಏಳು ಕಂಪ್ಯೂಟರ್ ನಡೀತಿದ್ದವು. ಅದಿರಲಿ, ಹಳೇ ಯಂತ್ರ ಕೆಡುವುದು ದೊಡ್ಡ ಮಾತಲ್ಲ. ದೊಡ್ಡ ಮಾತು ಬೇರೆ ಇದೆ. ಅದೇ ಹಾಸ್ಟೆಲಿನಲ್ಲಿ ಓದಿ ಬಿಇ ಮುಗಿಸಿದ ನಮ್ಮಣ್ಣ ಒಬ್ಬ ಅದೇ ಕಂಪನಿಗೆ ಅರ್ಜಿ ಹಾಕಿದ್ದ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ನೂರಕ್ಕೆ 60 ಇರಬೇಕು ಅನ್ನೋದು ಅವರ ನಿಯಮ. ಇವನಿಗೆ ಪಿಯುಸಿಯಲ್ಲಿ 57. ಆ ವರ್ಷ ಬರ. ಅಪ್ಪ ಅವ್ವನ ಜೊತೆ ಎರಡು ತಿಂಗಳು ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಬಿಇಯಲ್ಲಿ 71 ತೆಗೆದಿದ್ದ, ಅದನ್ನು ಯಾರೂ ನೋಡಲಿಲ್ಲ. ಅರ್ಜಿ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಯಂತ್ರ ಅದನ್ನು ಆಚೆ ಹಾಕಿತ್ತು. ಹುಡುಗನ ಮುಖ ಕಂಪನಿಗೆ ಬೇಕಾಯಿತು. ಅಣ್ಣನ ಕೈ ಬೇಡವಾಯಿತು.

ಇಲ್ಲಿಂದ ನಾವು ಯೋಚನೆ ಮಾಡಲು ಶುರು ಮಾಡಿದೆವು. ಈ ಸಾಮಾಜಿಕ ಹೊಣೆ ಅಂದರೆ ಏನು? ಯಾರ ಮೇಲಿನ ಹೊಣೆ?

ಕಾನೂನು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನಿವ್ವಳ ಆಸ್ತಿಯೋ, 1000 ಕೋಟಿ ವಹಿವಾಟೋ, 5 ಕೋಟಿ ಲಾಭವೋ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅಂತಾರಲ್ಲ, ಅದು ಇದೇ. ಶಾಲೆ, ಆಸ್ಪತ್ರೆ, ಗಿಡ ನೆಡೋದು, ಕುಡಿಯೋ ನೀರು, ಸ್ಮಾರಕ ರಕ್ಷಣೆ, ಹಿಂದುಳಿದವರ ಅಸಮಾನತೆ ಕಡಿಮೆ ಮಾಡೋದು ಎಲ್ಲ ಪಟ್ಟಿಯಲ್ಲಿದೆ. ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಅಂತಲೂ ಕಾನೂನಿನಲ್ಲೇ ಬರೆದಿದೆ. ಕಂಪನಿ ಇರೋದು ವೈಟ್‌ಫೀಲ್ಡಿನಲ್ಲಿ, ಹೊರವರ್ತುಲ ರಸ್ತೆಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗೆ ಎಷ್ಟು ಬಂದೀತು ನೀವೇ ಹೇಳಿ. ಉಜ್ಜಿನಿಯಲ್ಲಿ ಜಾತ್ರೆಗೆ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಮೇಲೆ ಎರೆದದ್ದು ಕೆಳಗೆ ಇಳಿಯುತ್ತದೆ ಅಂತ ಅರ್ಥಶಾಸ್ತ್ರದ ಮೇಷ್ಟ್ರುಗಳೂ ಪಾಠ ಮಾಡ್ತಾರೆ. ಕಲ್ಲು ಎಷ್ಟು ಕುಡಿಯುತ್ತದೆ ಅನ್ನೋದನ್ನು ಅವರು ಹೇಳೋದಿಲ್ಲ.

ಆದರೆ ಕಾನೂನಿನ ಮುಖ್ಯ ಗುಟ್ಟು ಹಣದ ಮೊತ್ತದಲ್ಲಿಲ್ಲ. ಕಂಪನಿ ತನ್ನ ನಿತ್ಯದ ವ್ಯವಹಾರದಲ್ಲಿ ಮಾಡುವ ಕೆಲಸ, ತನ್ನದೇ ನೌಕರರಿಗೆಂದು ಮಾಡುವ ಕೆಲಸ ಈ ಲೆಕ್ಕಕ್ಕೆ ಬರೋದಿಲ್ಲ. ಅಂದರೆ ಹೊಣೆಯೆಲ್ಲ ಗೇಟಿನ ಆಚೆಗೆ. ಗೇಟಿನ ಒಳಗೆ ಯಾರನ್ನು ಕೆಲಸಕ್ಕೆ ತಗೊಂಡಿರಿ, ಯಾರನ್ನು ಬಿಟ್ಟಿರಿ, ಯಾರು ಕಂಪ್ಯೂಟರ್ ಮುಂದೆ, ಯಾರು ಪೊರಕೆ ಹಿಂದೆ, ಇದನ್ನು ಈ ಕಾನೂನು ಕೇಳೋದೇ ಇಲ್ಲ. ಹೊರಗೆ ನೋಡು ಅಂತದೆ. ಒಳಗೆ ನೋಡಬೇಡ ಅಂತದೆ.

ಒಳಗೆ ನೋಡಿದವರು ಇಲ್ಲವೆಂದಲ್ಲ. ಬೆಂಗಳೂರಿನ ನಿಯಾಸ್ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಸಂಗಡಿಗರು ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಮಾತಾಡಿಸಿ ಅಧ್ಯಯನ ಮಾಡಿದರು. 2007ರಲ್ಲಿ ಅದು ಪ್ರಕಟವಾಯಿತು. ಅವರು ಕಂಡವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಮೇಲ್ಜಾತಿಯವರು. ಅದೇ ವರ್ಷ ಸುಖದೇವ್ ಥೋರಟ್, ಪಾಲ್ ಅಟ್‌ವೆಲ್ ಇನ್ನೊಂದು ಕೆಲಸ ಮಾಡಿದರು. ಪೇಪರಿನಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತಿಗೆ ಅರ್ಜಿ ಹಾಕಿಸಿದರು, 4808 ಅರ್ಜಿ. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಮುಸ್ಲಿಂ ಹೆಸರಿಗೆ ಬರೀ ಮೂರನೇ ಒಂದು ಪಾಲು. ಇಲ್ಲಿ 'ಮೆರಿಟ್' ಎಲ್ಲಿ ಹೋಯಿತು? ಮಾರ್ಕ್ಸ್ ಕಾರ್ಡು ಅದೇ, ಹೆಸರಷ್ಟೇ ಬೇರೆ. 2012ರಲ್ಲಿ ದೇಶದ ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ಎಣಿಸಿದರು. ನೂರಕ್ಕೆ 93 ಮಂದಿ ಮೇಲ್ಜಾತಿ, ಪರಿಶಿಷ್ಟ ಜಾತಿ ಪಂಗಡ ಎರಡೂ ಕೂಡಿ ನಾಲ್ಕೂ ಇಲ್ಲ. ಇದು ಹಳೇ ಲೆಕ್ಕ ಅಂತ ನೀವು ಅನ್ನಬಹುದು. ಹೌದು, ಹಳೇದೇ. ಹೊಸ ಲೆಕ್ಕವನ್ನು ಕಂಪನಿಗಳು ತಾವಾಗಿ ಕೊಡಲಿ, ನಾವು ಹಳೇದನ್ನು ಬಿಡ್ತೀವಿ.

ಕೊಡೋದಿಲ್ಲ. ಯಾಕೆ ಕೊಡೋದಿಲ್ಲ ಅನ್ನೋದನ್ನು ಸ್ವಲ್ಪ ನೋಡಬೇಕು.

ಲೆಕ್ಕ ಇಡೋದರಲ್ಲಿ ಇವರು ಹಿಂದೆ ಬಿದ್ದವರಲ್ಲ. ಗೂಗಲ್ ನೋಡಿ. ಜಗತ್ತಿನ ಮಾಹಿತಿಯನ್ನೆಲ್ಲ ಜೋಡಿಸಿಡುವುದೇ ತನ್ನ ಕೆಲಸ ಅಂತ ಹೇಳಿಕೊಂಡ ಕಂಪನಿ. ಬೆಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ ಅನಂತ ಅಂತ ದೊಡ್ಡ ಕಟ್ಟಡವನ್ನೇ ತೆರೆಯಿತು. ಅದರ 2024ರ ಪರಿಸರ ವರದಿ ಹೇಳುವಂತೆ 2023ರಲ್ಲಿ ಅದು ಹೊರಬಿಟ್ಟ ಇಂಗಾಲ 1 ಕೋಟಿ 43 ಲಕ್ಷ ಟನ್ನು. 2019ಕ್ಕಿಂತ ನೂರಕ್ಕೆ 48 ಜಾಸ್ತಿ. 2030ಕ್ಕೆ ಸೊನ್ನೆಗೆ ತರ್ತೀವಿ ಅಂದವರ ಲೆಕ್ಕ ಇದು. ಕುಡಿದ ನೀರು 610 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 2300 ಕೋಟಿ ಲೀಟರು. ಏರಿದ್ದನ್ನು ಏರಿದೆ ಅಂತಲೇ ಬರೆದರು, ಅದನ್ನು ಒಪ್ಪಬೇಕು. ಅಮೆರಿಕದಲ್ಲಿ ತನ್ನ ನೌಕರರಲ್ಲಿ ಕರಿಯರೆಷ್ಟು, ಬಿಳಿಯರೆಷ್ಟು ಅಂತಲೂ 2014ರಿಂದ ಹಲವು ವರ್ಷ ಅಚ್ಚು ಹಾಕಿಸಿತು. ಅಲ್ಲಿ ಕರಿಯರ ಸಂಖ್ಯೆ ಅಷ್ಟು ಕಡಿಮೆ ಯಾಕೆ ಅಂತ ಜನ ಕೇಳಿದ್ದರಿಂದ ಹಾಗಾಯಿತು. 2025ರಲ್ಲಿ ಅಲ್ಲಿನ ರಾಜಕೀಯದ ಗಾಳಿ ತಿರುಗಿತು. ಇಂತಿಷ್ಟು ಜನರನ್ನು ತಗೊಳ್ತೀವಿ ಅನ್ನೋ ಗುರಿಯನ್ನು ಕಂಪನಿ ಕೈಬಿಟ್ಟಿತು. ಗಾಳಿ ಬಂದಾಗ ತೂರಿಕೊಳ್ಳೋ ಹೊಣೆಗಾರಿಕೆ.

ನಮ್ಮ ನಾಡಿನದೇ ಇನ್ಫೋಸಿಸ್. 1981ರಲ್ಲಿ ಶುರುವಾದದ್ದು, 1996ರಲ್ಲೇ, ಅಂದರೆ ಕಾನೂನು ಬರುವುದಕ್ಕೆ ಎಷ್ಟೋ ಮುಂಚೆ, ಪ್ರತಿಷ್ಠಾನ ಮಾಡಿತು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ 350 ಹಾಸಿಗೆಯ ಕಟ್ಟಡ ಕಟ್ಟಿಸಿಕೊಟ್ಟಿತು. ನಮ್ಮ ಕಡೆಯವರೂ ಎದೆನೋವು ಅಂದರೆ ಜಯದೇವಕ್ಕೇ ಓಡೋದು. ಅದನ್ನು ಇಲ್ಲವೆನ್ನುವಷ್ಟು ಕೃತಘ್ನರಲ್ಲ ನಾವು. 2020ರಲ್ಲಿ ಇಂಗಾಲದ ಲೆಕ್ಕ ಸರಿದೂಗಿಸಿದ್ದೇವೆ ಅಂತಲೂ ಸಾರಿತು. ಸಂತೋಷ. ಷೇರುಪೇಟೆಯ ಸೆಬಿ 2021ರಲ್ಲಿ ಒಂದು ನಮೂನೆ ತಂದಿದೆ. ಮೊದಲ ಸಾವಿರ ಕಂಪನಿಗಳು 2022-23ರಿಂದ ಕಡ್ಡಾಯವಾಗಿ ತುಂಬಬೇಕು. ಕರೆಂಟು ಎಷ್ಟು, ನೀರು ಎಷ್ಟು, ಕಸ ಎಷ್ಟು, ಹೆಂಗಸರು ಎಷ್ಟು, ಅಂಗವಿಕಲರು ಎಷ್ಟು, ಎಲ್ಲಕ್ಕೂ ಕಾಲಂ ಇದೆ. ನೌಕರರಲ್ಲಿ ಪರಿಶಿಷ್ಟರು ಎಷ್ಟು? ಕಾಲಂ ಇಲ್ಲ. ಕಣ್ಣಿಗೆ ಕಾಣದ ಹೊಗೆಯನ್ನು ಟನ್ನಿನಲ್ಲಿ ತೂಗುತ್ತಾರೆ. ಊರ ಹೊರಗೆ ಎರಡು ಸಾವಿರ ವರ್ಷದಿಂದ ಇರುವವರನ್ನು ಎಣಿಸೋಕೆ ಬೆರಳು ಸಾಲೋದಿಲ್ಲ!

ಜಾತಿ ಕೇಳೋದು ತಪ್ಪಲ್ಲವೇ, ನಾವು ಜಾತಿ ನೋಡೋದೇ ಇಲ್ಲ ಅಂತಾರೆ. ಸಂದರ್ಶನದಲ್ಲಿ ಕುಟುಂಬದ ಹಿನ್ನೆಲೆ ಹೇಳಪ್ಪಾ ಅಂತ ಕೇಳ್ತಾರಲ್ಲ, ಅದೇನು? ಅಪ್ಪ ಏನು ಮಾಡ್ತಾನೆ ಅಂದಾಗ ನಮ್ಮ ಹುಡುಗ ಕೂಲಿ ಅನ್ನಬೇಕು. ದೇವದಾಸಿ ತಾಯಿಯ ಮಗ ಏನು ಹೇಳಬೇಕು? ನಮ್ಮ ಸೀಮೆಯ ಹಾಸ್ಟೆಲುಗಳಲ್ಲಿ ಅಂಥ ಗೆಳೆಯರು ಎಷ್ಟು ಮಂದಿ ಇದ್ದಾರೆ ಅಂತ ನಿಮಗೆ ಗೊತ್ತು. ಜಾತಿ ನೋಡೋದಿಲ್ಲ ಅನ್ನುವವರಿಗೆ ಅಮೆರಿಕದಲ್ಲೇ ಉತ್ತರ ಸಿಕ್ಕಿದೆ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಸಿಸ್ಕೋ ಕಂಪನಿಯ ಮೇಲೆ, ದಲಿತ ಎಂಜಿನಿಯರ್ ಒಬ್ಬನಿಗೆ ಜಾತಿ ತಾರತಮ್ಯ ಆಗಿದೆ ಅಂತ ದಾವೆ ಹೂಡಿತು. ಕಂಪನಿ ಅದನ್ನು ಅಲ್ಲಗಳೆಯಿತು. ಇಬ್ಬರು ಮೇಲಧಿಕಾರಿಗಳ ಮೇಲಿನ ದಾವೆಯನ್ನು 2023ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಆದರೂ ಆ ಪ್ರಕರಣದಿಂದಾಗಿ ಜಾತಿ ಅನ್ನೋ ಶಬ್ದ ಅಲ್ಲಿನ ಆಫೀಸುಗಳಿಗೆ ಗೊತ್ತಾಯಿತು. ಆಪಲ್ ಕಂಪನಿ ತನ್ನ ನಿಯಮಗಳಲ್ಲೇ ಜಾತಿ ತಾರತಮ್ಯ ಕೂಡದು ಅಂತ ಸೇರಿಸಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಕಾನೂನೇ ಮಾಡಿತು. ಏಳು ಸಮುದ್ರ ದಾಟಿದರೂ ಇವರು ಪೆಟ್ಟಿಗೆಯಲ್ಲಿ ಜಾತಿ ಇಟ್ಟುಕೊಂಡೇ ಹೋಗಿದ್ದಾರೆ ಅಂದಮೇಲೆ ಬೆಂಗಳೂರಲ್ಲಿ ಎಲ್ಲಿಟ್ಟಿದ್ದಾರು?

ಇನ್ನು ಸುಸ್ಥಿರತೆ. ಈ ಶಬ್ದ ನಮ್ಮ ಹಾಸ್ಟೆಲ್ ಹುಡುಗರಿಗೆ ಬಾಯಿಪಾಠ ಆಗಿದೆ, ಪರೀಕ್ಷೆಗೆ ಬರುತ್ತದೆ. ಹಸಿರು ಕರೆಂಟು ಎಲ್ಲಿಂದ ಬರುತ್ತೆ? ನಮ್ಮ ಬಯಲುಸೀಮೆಯ ಬಿಸಿಲು, ಗಾಳಿಯಿಂದ. ಪಾವಗಡ ನೋಡಿ. 2050 ಮೆಗಾವಾಟ್, ಸುಮಾರು 13,000 ಎಕರೆ, ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ನೆಲ. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರು, ಮುಂದೆ ಏರಿಕೆ. ಬರದ ನಾಡಿಗೆ ಅದು ಸಣ್ಣ ಹಣವಲ್ಲ. ಭೂಮಿ ಇಲ್ಲದವರಿಗೆ? ಆ ಹೊಲದಲ್ಲಿ ಶೇಂಗಾ ಕೀಳ್ತಿದ್ದ ಹೆಂಗಸಿಗೆ ಬಾಡಿಗೆ ಕೊಡೋಕೆ ಅವಳ ಹೆಸರಲ್ಲಿ ಪಹಣಿ ಇಲ್ಲ. ಕೂಲಿ ಹೋಯಿತು, ದನ ಕುರಿ ಮೇಯೋ ಜಾಗಕ್ಕೆ ಬೇಲಿ ಬಿತ್ತು. ಕೆಲವರಿಗೆ ಫಲಕ ತೊಳೆಯೋದು, ಹುಲ್ಲು ಕೀಳೋದು, ಕಾವಲು ಕಾಯೋದು ಸಿಕ್ಕಿತು. ನಗರದ ಕಂಪನಿ ನಮ್ಮದು ಶುದ್ಧ ಕರೆಂಟು ಅಂತ ವರದಿ ಬರೆಯುವಾಗ ಈ ಹೆಂಗಸು ಯಾವ ಕಾಲಂನಲ್ಲಿ ಬರ್ತಾಳೆ? ಸೌರಶಕ್ತಿ ಬೇಡ ಅಂತ ನಾವು ಹೇಳೋದಿಲ್ಲ. ಬಿಸಿಲಿಗೆ ಜಾತಿ ಇಲ್ಲ. ಪಹಣಿಗೆ ಐತೆ.

ಮೀಸಲಾತಿ ಮಾತು ಬಂದರೆ ದಕ್ಷತೆ ಕೆಡುತ್ತೆ ಅಂತಾರೆ. ಇದು ಹೊಸ ಹಾಡೇನಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗಲೂ ಮೈಸೂರಿನಲ್ಲಿ ಇದನ್ನೇ ಹೇಳಿದ್ದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೇ ಅದು ಸರಿಬರಲಿಲ್ಲ. ಮೀಸಲಾತಿ ಬಂತು, ಮೈಸೂರು ಮುಳುಗಲಿಲ್ಲ. 2006ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರನ್ನು ಕೇಳಿದಾಗ ಅವರು ಕಾನೂನು ಬೇಡ, ನಾವಾಗಿ ಮಾಡ್ತೀವಿ ಅಂತ ಸಂಹಿತೆ ಬರೆದುಕೊಂಡರು. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಪಾಲು ಕೊಡುವ ಮಸೂದೆಗೆ ರಾಜ್ಯದ ಸಂಪುಟ ಒಪ್ಪಿತು. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ ಸಿಡಿದೆದ್ದಿತು. ಅದೇ ವಾರ ಮಸೂದೆ ತಡೆಹಿಡಿದರು. ಅದರಲ್ಲಿ ಜಾತಿಯ ಮಾತೂ ಇರಲಿಲ್ಲ, ಬರೀ ಊರಿನ ಮಾತು. ಅಷ್ಟಕ್ಕೇ ಹೀಗೆ. ನಮಗೆ 371ಜೆ ಐತಲ್ಲ ಅಂತ ಕೆಲವು ಗೆಳೆಯರು ಧೈರ್ಯವಾಗಿದ್ದಾರೆ. ಅದು ಸರ್ಕಾರಿ ಕೆಲಸಕ್ಕೆ, ಕಾಲೇಜು ಸೀಟಿಗೆ. ಗಾಜಿನ ಗೇಟಿನಲ್ಲಿ ಅದು ನಡೆಯೋದಿಲ್ಲ.

ಈಗ ನಮ್ಮ ಮುಂದಿರುವ ಪ್ರಶ್ನೆ. ಅದೇ ಕಂಪನಿ ಈ ಮಳೆಗಾಲ ಮತ್ತೆ ಬರ್ತಾ ಇದೆ, ಗಿಡ ನೆಡೋಕೆ. ನೂರು ಗುಂಡಿ ತೋಡಿಡಿ ಅಂತ ವಾರ್ಡನ್ ಹೇಳಿದ್ದಾರೆ. ನಮ್ಮಲ್ಲೇ ಎರಡು ಮಾತಾಯಿತು. ಬಹಿಷ್ಕಾರ ಹಾಕೋಣ, ಅವರ ಬ್ಯಾಗನ್ನು ವಾಪಸ್ ಕೊಡೋಣ ಅಂತ ಕೆಲವರು. ಬ್ಯಾಗು ಹರಿದು ಆರು ತಿಂಗಳಾಯ್ತು ಅಂತ ಒಬ್ಬ ನೆನಪಿಸಿದ. ಕೊನೆಗೆ ಹೀಗೆ ತೀರ್ಮಾನ ಆಗಿದೆ: ಗುಂಡಿ ತೋಡ್ತೀವಿ, ಗಿಡಕ್ಕೆ ನಮ್ಮ ಜಗಳ ಗೊತ್ತಿಲ್ಲ. ಫೋಟೋಕ್ಕೆ ನಿಲ್ಲುವ ಮೊದಲು ಒಂದು ಕಾಗದ ಓದ್ತೀವಿ. ನಿಮ್ಮ ಬೆಂಗಳೂರು ಆಫೀಸಿನ ನೌಕರರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು, ಅದರಲ್ಲಿ ಗುತ್ತಿಗೆಯಲ್ಲಿ ಕಸ ಗುಡಿಸುವವರನ್ನು ಬಿಟ್ಟು ಎಷ್ಟು? ಮೂರು ಪರೀಕ್ಷೆಯಲ್ಲೂ 60 ಅನ್ನೋ ನಿಯಮ ತೆಗೆದು ಕೊನೆಯ ಡಿಗ್ರಿ ನೋಡ್ತೀರಾ? ನಮ್ಮ ಫೋಟೋ ಹಾಕಿದರೆ ನಮ್ಮ ಹೆಸರು, ಊರು ಹಾಕ್ತೀರಾ? ಇಷ್ಟೇ. ಓದುವವನು ಅವತ್ತು ಕೆಲಸ ಕೇಳಿದ್ದ ಅದೇ ಹುಡುಗ, ಈಗ ಡಿಗ್ರಿ ಮೊದಲ ವರ್ಷ.

'ಬೇಡ ತಮ್ಮಾ, ಮುಂದಿನ ವರ್ಷದಿಂದ ಅವರು ಬರೋದೇ ಬಿಟ್ರೆ?' ಅಂತ ವಾರ್ಡನ್ ಅಂದರು. ಒಳ್ಳೆಯ ಮನುಷ್ಯ, ಭಯ ಅವರದು. ಬಿಟ್ಟರೆ ಬಿಡಲಿ ಸಾರ್, ಏಳು ಕಂಪ್ಯೂಟರ್ ಅದಾವಲ್ಲ ಅಂದೆವು.

ಬೇರೆ ಹಾಸ್ಟೆಲುಗಳಿಗೂ ಇಂಥ ಕಂಪನಿಗಳು ಬಂದಿದ್ದರೆ, ಏನು ಕೊಟ್ಟರು, ನಿಮ್ಮಲ್ಲಿ ಎಷ್ಟು ಮಂದಿ ಅದೇ ಕಂಪನಿಗೆ ಅರ್ಜಿ ಹಾಕಿದಿರಿ, ಏನು ಉತ್ತರ ಬಂತು, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕೋಣ.