ಮನೆಯ ಮಾತು: ಚಾವಣಿಯ ಒಡಲಲ್ಲೇನಿದೆ?

ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. 216 ಅಡಿ ಉದ್ದ, 176 ಅಡಿ ಅಗಲದ ಆ ಕಟ್ಟಡಕ್ಕೆ ತೆರೆದ ಅಂಗಳವಿಲ್ಲ. ಇಡೀ ಹರಹನ್ನು ಕಮಾನು ಗುಮ್ಮಟಗಳೇ ಮುಚ್ಚಿವೆ. ಒಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಭಾರವು ಇಳಿಯುವ ದಾರಿ ಕಣ್ಣಿಗೇ ಕಾಣುತ್ತದೆ: ಗುಮ್ಮಟದಿಂದ ಕಮಾನಿಗೆ, ಕಮಾನಿನಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ.

ಕೋಟೆಯ ಸುತ್ತ ಬೆಳೆದ ಊರಿನ ಕಾಂಕ್ರೀಟು ಚಾವಣಿಗಳು ಹಾಗಲ್ಲ. ಕಾಂಕ್ರೀಟು ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಮಾತ್ರ ಅದರ ಸುಮಾರು ಹತ್ತರಲ್ಲೊಂದು ಪಾಲು. ಆ ಕೊರತೆಯನ್ನು ತುಂಬುವುದು ಒಳಗೆ ಹುದುಗಿದ ಉಕ್ಕಿನ ಸಲಾಕೆ. ಅದು ಎಲ್ಲಿದೆ, ಎಷ್ಟಿದೆ, ಹೇಗಿದೆ ಎಂಬುದು ಮೇಲೆ ನಿಂತವರಿಗೂ ಕಾಣದು, ಕೆಳಗೆ ಮಲಗಿದವರಿಗೂ ಕಾಣದು. ಕಟ್ಟಿದ ಮನೆಯನ್ನು ಬದಲಿಸಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಮಕ್ಕಳು ದೊಡ್ಡವರಾದಂತೆ ಮನೆ ಚಿಕ್ಕದಾಗುತ್ತದೆ. ಕಲಬುರಗಿಯಲ್ಲಾಗಲಿ, ಹುಮನಾಬಾದಿನ ದಾರಿಯಲ್ಲಿ ಕೆಂಬಾಳೆಗೆ ಹೆಸರಾದ ಕಮಲಾಪುರದಲ್ಲಾಗಲಿ, ಗೃಹಸ್ಥರ ಬಯಕೆ ಒಂದೇ ಬಗೆಯದು: ಮಹಡಿಗೆ ಒಳಗಿನಿಂದಲೇ ಮೆಟ್ಟಿಲು ಬೇಕು; ಎರಡು ಕೋಣೆಗಳ ನಡುವಿನ ಗೋಡೆ ಹೋಗಬೇಕು; ಮಾಳಿಗೆಯ ಮೇಲೆ ನೀರಿನ ತೊಟ್ಟಿ ಬೇಕು; ಸವೆದ ನೆಲಕ್ಕೆ ಹೊಸ ಶಹಾಬಾದಿ ಪರಸಿ ಬೇಕು. ಎಲ್ಲವೂ ನ್ಯಾಯವಾದ ಬಯಕೆಗಳೇ. ಆದರೆ ಇವುಗಳಲ್ಲಿ ಒಂದೊಂದೂ ಚಾವಣಿಯೊಡನೆ ಮೊದಲು ಆಗಿದ್ದ ಒಪ್ಪಂದವನ್ನು ಮುರಿಯುತ್ತದೆ.

ಪರಸಿಯ ಲೆಕ್ಕವನ್ನೇ ನೋಡಬಹುದು. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಓಡಾಟದ ಭಾರಕ್ಕೆಂದು ಲೆಕ್ಕ ಹಾಕಿ ಕಟ್ಟುವುದು ವಾಡಿಕೆ. ಮನುಷ್ಯರು, ಮಂಚ, ಬೀರು ಎಲ್ಲವೂ ಅದರೊಳಗೆ ಅಡಕ. ಮೇಲಂತಸ್ತಿನ ಹಳೆಯ ನೆಲವನ್ನು ಕೀಳದೆ, ಎರಡು ಅಂಗುಲ ಗಾರೆಯ ಮೇಲೆ ಒಂದು ಅಂಗುಲದ ಹೊಸ ಪರಸಿಯನ್ನು ಹಾಸಿದರೆ ಚದರ ಮೀಟರಿಗೆ ಸುಮಾರು 165 ಕಿಲೋ ಸೇರಿಹೋಗುತ್ತದೆ. ಹನ್ನೆರಡು ಅಡಿಗೆ ಹತ್ತಡಿಯ ಕೋಣೆಯಲ್ಲಿ ಅದು ಹದಿನೆಂಟು ಕ್ವಿಂಟಲು! ಅತಿಥಿಗಳಾದರೆ ಎದ್ದು ಹೋಗುತ್ತಾರೆ, ಕಲ್ಲು ಹೋಗುವುದಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಹಾಸುವ ಧೂಳು ಕೆಲವು ದಿನದ್ದು ಮಾತ್ರ.

ತೊಟ್ಟಿಯದೂ ಇದೇ ಕಥೆ. ಸಾವಿರ ಲೀಟರಿನ ತೊಟ್ಟಿ ತುಂಬಿದಾಗ ಹತ್ತು ಕ್ವಿಂಟಲು ಭಾರ, ಹೆಚ್ಚುಕಡಿಮೆ ಒಂದೇ ಚದರ ಮೀಟರಿನ ಮೇಲೆ ಕೂರುತ್ತದೆ. ಮಾಳಿಗೆಗೆ ಎಣಿಸಿದ್ದಾದರೂ ಚದರ ಮೀಟರಿಗೆ ಸುಮಾರು 150 ಕಿಲೋ. ಆದುದರಿಂದ ತೊಟ್ಟಿಯ ಸ್ಥಾನ ಚಾವಣಿಯ ನಡುಮಧ್ಯವಲ್ಲ. ಗೋಡೆಯ ಅಥವಾ ತೊಲೆಯ ನೆತ್ತಿ.

ನಡುಗೋಡೆಯನ್ನು ಕೆಡವುವುದು ಇನ್ನೂ ಗಂಭೀರವಾದ ವಿಷಯ. ಎರಡು ಕೋಣೆಗಳ ಮೇಲೆ ಒಂದೇ ಹಾಸಾಗಿ ಹೋದ ಚಾವಣಿಯಲ್ಲಿ, ನಡುಗೋಡೆಯ ನೆತ್ತಿಯ ಬಳಿ ಎಳೆತ ಬೀಳುವುದು ಮೇಲ್ಮೈಯಲ್ಲಿ. ಆದುದರಿಂದ ಅಲ್ಲಿ ಸಲಾಕೆಗಳೂ ಮೇಲ್ಭಾಗದಲ್ಲಿರುತ್ತವೆ. ಗೋಡೆ ಹೋದೊಡನೆ ಎಳೆತ ತಳಕ್ಕೆ ಇಳಿಯುತ್ತದೆ, ಸಾಕಷ್ಟು ಉಕ್ಕು ಅಲ್ಲಿರುವುದಿಲ್ಲ. ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ, ಸರಳವಾಗಿ ಒರಗಿದ ಚಾವಣಿಯನ್ನು ಬಾಗಿಸುವ ಬಲ ನಾಲ್ಮಡಿಯಾಗುತ್ತದೆ, ಬಾಗುವಿಕೆ ಹದಿನಾರು ಮಡಿಯಾಗುತ್ತದೆ. ಗೋಡೆಯ ಬದಲಿಗೆ ತೊಲೆಯನ್ನು ಮೊದಲು ಕೊಟ್ಟು, ಆಮೇಲೆ ಗೋಡೆಯನ್ನು ತೆಗೆಯಬೇಕು. ಮೆಟ್ಟಿಲಿಗಾಗಿ ಕಂಡಿ ಕೊರೆಯುವಾಗಲೂ ಇದೇ ಕ್ರಮ: ಮೊದಲು ಊರೆಗೋಲು, ಆಮೇಲೆ ಅಂಚಿಗೆ ತೊಲೆ, ಕೊನೆಗೆ ಕೊರೆತ. ಮುಖ್ಯ ಸಲಾಕೆಗಳು ಸಾಮಾನ್ಯವಾಗಿ ಕೋಣೆಯ ಅಗಲದ ದಿಕ್ಕಿಗೆ ಹರಿದಿರುವುದರಿಂದ, ಅವು ಆದಷ್ಟು ಕಡಿಮೆ ಕತ್ತರಿಸುವಂತೆ ಕಂಡಿಯ ಜಾಗವನ್ನು ಆರಿಸುವುದು ಜಾಣತನ.

ಹಳೆಯ ಚಾವಣಿಯ ನಾಡಿ ಹಿಡಿಯಲು ಉಪಾಯಗಳಿವೆ. ಸಲಾಕೆಯ ಸಾಲಿಗೇ ಬಿಟ್ಟ ಬಿರುಕು, ತುಕ್ಕಿನ ಬಣ್ಣದ ಕಲೆ, ತಟ್ಟಿದರೆ ಟೊಳ್ಳು ಸದ್ದು ಇವು ರೋಗದ ಮೊದಲ ಲಕ್ಷಣಗಳು. ತುಕ್ಕು ಹಿಡಿದ ಉಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅದರ ಮೇಲೆ ಗಿಲಾವು ಬಳಿದರೆ ರೋಗ ಮರೆಯಾಗುವುದೇ ಹೊರತು ವಾಸಿಯಾಗದು. ಹೊಸದಾಗಿ ಒಡೆದ ತುಣುಕಿನ ಮೇಲೆ ಫಿನಾಲ್ಫ್ತಲೀನ್ ದ್ರವವನ್ನು ಸಿಂಪಡಿಸಿದರೆ, ಉಕ್ಕನ್ನು ಕಾಯುವ ಕ್ಷಾರಗುಣ ಉಳಿದಿರುವಲ್ಲಿ ಗಾಢ ಗುಲಾಬಿ ಬಣ್ಣ ಮೂಡುತ್ತದೆ. ಅಳಿದಿರುವಲ್ಲಿ ಬಣ್ಣವೇ ಬಾರದು. ಸಲಾಕೆ ಇರುವ ಜಾಗವನ್ನು ಕಾಂಕ್ರೀಟು ಒಡೆಯದೆಯೇ ಗುರುತಿಸುವ ಯಂತ್ರಗಳಿವೆ. ಸಂಶಯ ಉಳಿದರೆ ಭಾರಪರೀಕ್ಷೆ ಇದೆ: ಎಣಿಸಿದ ಓಡಾಟದ ಭಾರದ ಒಂದೂಕಾಲು ಪಾಲನ್ನು 24 ಗಂಟೆ ಹೇರಿ, ಬಾಗಿದ್ದನ್ನು ಅಳೆದು, ಭಾರ ಇಳಿಸಿ ಮತ್ತೆ 24 ಗಂಟೆ ಕಾಯುತ್ತಾರೆ. ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ಮರಳಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಇದು ಇಂಜಿನಿಯರರ ಕೈಕೆಲಸ. ಮರಳಿನ ಚೀಲ ಹೊತ್ತು ಮನೆಯವರು ಮಾಡಿ ನೋಡತಕ್ಕದ್ದಲ್ಲ.

ಕಲಬುರಗಿ ಸೀಮೆಗೆ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ. 1993ರ ಸೆಪ್ಟೆಂಬರ್ 30ರ ಮುಂಜಾನೆ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಕಲ್ಲುಮಣ್ಣಿನ ಗೋಡೆಗಳೂ ದಪ್ಪ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದವು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಕಂಪನಕ್ಕೆ ಹೆದರಿ ಮನೆಯ ಹೊರಗೆ ರಾತ್ರಿ ಕಳೆದರು. ತಲೆಯ ಮೇಲಿನ ಭಾರ ಹೆಚ್ಚಿದಷ್ಟೂ ಭೂಕಂಪದ ಹೊಡೆತವೂ ಹೆಚ್ಚುತ್ತದೆ.

ಕೋಟೆಯ ನೆರೆಯಲ್ಲಿರುವವರು ಕಾನೂನನ್ನೂ ನೋಡಿಕೊಳ್ಳಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟಲೂ ಅಪ್ಪಣೆ ಪಡೆಯಬೇಕು.

ಹೊಸದಾಗಿ ಚಾವಣಿ ಹಾಕಿಸುವವರು ಖರ್ಚಿಲ್ಲದ ಒಂದು ಉಪಕಾರ ಮಾಡಬಹುದು. ಕಾಂಕ್ರೀಟು ಸುರಿಯುವ ಮುನ್ನ ಕಟ್ಟಿದ ಸಲಾಕೆಗಳ ಛಾಯಾಚಿತ್ರ ತೆಗೆದು, ನಕ್ಷೆಯೊಡನೆ ಮನೆಯ ಪತ್ರಗಳ ಜೊತೆ ಇಡಲಿ. ಮೂವತ್ತು ವರ್ಷದ ಮೇಲೆ ಮಗಳೋ ಮೊಮ್ಮಗನೋ ಗೌಂಡಿಯನ್ನು ಕರೆಸಿದಾಗ, ಸುತ್ತಿಗೆ ಎತ್ತುವ ಮುನ್ನ ನೋಡಲು ಅದೊಂದು ಕೈಯಲ್ಲಿರುತ್ತದೆ.