ಹತ್ತಿರ ನಿಂತ ಸ್ವರಗಳು

ಬ್ಲೂಸ್ ಮತ್ತು ಚರ್ಚಿನ ಹಾಡುಗಳ ಬಿಸುಪನ್ನು ಉಳಿಸಿಕೊಂಡು 1950ರ ದಶಕದಲ್ಲಿ ಬೆಳೆದ ಜಾಝ್ ಶೈಲಿ ಹಾರ್ಡ್ ಬಾಪ್. ಅದರೊಳಗೇ ಬೆಳೆದು ಅದರ ಬೇಲಿ ದಾಟಿದವನು ಮೆಂಫಿಸ್‌ನ ಟ್ರಂಪೆಟ್ ವಾದಕ ಬುಕರ್ ಲಿಟಲ್. 1961ರಲ್ಲಿ ಧ್ವನಿಮುದ್ರಣಗೊಂಡ ಅವನ 'ಔಟ್ ಫ್ರಂಟ್' ಆಲ್ಬಮ್ಮನ್ನು ಈ ಮಳೆಗಾಲದಲ್ಲಿ ಹೆಗ್ಗದ್ದೆಯ ಮನೆಯಲ್ಲಿ ಕೂತು ಮತ್ತೆ ಮತ್ತೆ ಕೇಳಿದೆ. ಹೆಂಚಿನ ಮೇಲೆ ಮಳೆ ಜೋರಾದರೆ ಬಾಸ್ ಪೂರ್ತಿ ಮುಳುಗಿಹೋಗುತ್ತದೆ, ಟ್ರಂಪೆಟ್ ಮಾತ್ರ ಮಳೆಯನ್ನು ಸೀಳಿಕೊಂಡು ಬರುತ್ತದೆ.

ಏಳೂ ರಚನೆಗಳು ಲಿಟಲ್‌ನವೇ. ಅವನ ಟ್ರಂಪೆಟ್, ಎರಿಕ್ ಡಾಲ್ಫಿಯ ಸ್ಯಾಕ್ಸೊಫೋನ್, ಜೂಲಿಯನ್ ಪ್ರೀಸ್ಟರ್‌ನ ಟ್ರಾಂಬೋನ್ ತೀರ ಅಕ್ಕಪಕ್ಕದ ಸ್ವರಗಳನ್ನು ಒಟ್ಟಿಗೇ ಹಿಡಿದು ನಿಲ್ಲುತ್ತವೆ. ಮೊದಲ ಸಲ ಕಿವಿಗೆ ಕಸಿವಿಸಿ. ಆದರೆ ಸ್ವರಗಳು ಹೀಗೆ ತಿಕ್ಕಾಡಿದಷ್ಟೂ ನಾದ ಹಿಗ್ಗುತ್ತದೆ ಎಂದು ನಂಬಿದ್ದವನು ಅವನು. ತಪ್ಪು ಸ್ವರ ಎಂಬ ಮಾತನ್ನೇ ಅವನು ಒಪ್ಪುತ್ತಿರಲಿಲ್ಲ.

ಈ ತಿಕ್ಕಾಟ ನಮಗೆ ಹೊಸದೇನಲ್ಲ. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ 40 ವಿವಾದಿ ಮೇಳಗಳು, ಅಂದರೆ ತೀರ ಅಕ್ಕಪಕ್ಕದ ಸ್ವರಗಳು ತಿಕ್ಕಾಡುವಂಥವು. ದೋಷವೆಂದು ಅವನ್ನು ದೂರವಿಟ್ಟವರು ಎಷ್ಟೋ ಮಂದಿ. ಆದರೂ ವಿವಾದಿ ಸ್ವರವಾದ ಷಟ್‌ಶ್ರುತಿ ರಿಷಭ ಇರುವ ನಾಟ ರಾಗದಿಂದಲೇ ಎಷ್ಟೋ ಕಚೇರಿಗಳು ಶುರುವಾಗುತ್ತವೆ. ನಮ್ಮಲ್ಲಿ ಆ ಸ್ವರಗಳು ಒಂದರ ಹಿಂದೊಂದು ಬರುತ್ತವೆ, ನಡುವೆ ಸ್ವರವನ್ನು ತೂಗುವ ಗಮಕದ ಆಸರೆ ಇರುತ್ತದೆ. ಲಿಟಲ್‌ನಲ್ಲಿ ಆ ಆಸರೆಯೂ ಇಲ್ಲ. ಕೇಳುವವರೇ ಆ ಒತ್ತಡದೊಳಗೆ ನಿಲ್ಲಬೇಕು.

ಲಯದ ಮಟ್ಟಿಗೆ ಕನ್ನಡದ ಕಿವಿಗೆ ದಾರಿ ಇನ್ನೂ ಸಲೀಸು. 'ಮೂಡ್ಸ್ ಇನ್ ಫ್ರೀ ಟೈಮ್' ರಚನೆಯಲ್ಲಿ ಎಣಿಕೆ ಬದಲಾಗುತ್ತಲೇ ಇರುತ್ತದೆ, ಮ್ಯಾಕ್ಸ್ ರೋಚ್‌ನ ಡ್ರಮ್ಸ್ ಅದನ್ನು ಹೊತ್ತು ಸಾಗುತ್ತದೆ. ತಾಳ ಹಾಕಿ ಬೆಳೆದವರಿಗೆ ಅಲ್ಲಿ ಸುಖವೇ ಇದೆ. ಅತ್ತಣಿಂದ ಇತ್ತ ನಡೆದು ಬಂದವರೂ ಇದ್ದಾರೆ. ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿಯವರ ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಮ್ ಮಾಡಿದರು. ಮರಿಯಾನೊ ನಮ್ಮ ತಾಳದ ಮುಂದೆ ವಿದ್ಯಾರ್ಥಿಯಂತೆ ಕೂತರು. ನಾವು ಅವರ ಸಂಗೀತಕ್ಕೆ ಅಷ್ಟು ಹೊತ್ತು ಕೊಟ್ಟಿಲ್ಲ, ಈ ಕೊರತೆ ನನ್ನನ್ನು ಕಾಡುತ್ತದೆ.

'ಔಟ್ ಫ್ರಂಟ್' ಮುಗಿಸಿದ ಆರು ತಿಂಗಳಲ್ಲಿ, 1961ರ ಅಕ್ಟೋಬರ್ 5ರಂದು, ಮೂತ್ರಪಿಂಡದ ಕಾಯಿಲೆಯಿಂದ ಲಿಟಲ್ ತೀರಿಕೊಂಡ. ವಯಸ್ಸು 23. ಆ ಸಾವನ್ನು ಹುಡುಕುತ್ತಾ ಆಲ್ಬಮ್ ಕೇಳಬೇಡಿ. ಅಲ್ಲಿರುವುದು ಮುಂದಿನ ಹತ್ತು ವರ್ಷದ ಕೆಲಸವನ್ನು ಯೋಚಿಸುತ್ತಿದ್ದ ಹುಡುಗನ ಧೈರ್ಯ. ಹೊಸಬರು 'ಸ್ಟ್ರೆಂಗ್ತ್ ಅಂಡ್ ಸ್ಯಾನಿಟಿ'ಯಿಂದ ಶುರುಮಾಡಬಹುದು. ನಡೆ ನಿಧಾನ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ.