ಹಲಾಲ್ ಎಂಬ ಹೆಸರಷ್ಟೇ ಸಾಲದು, ಲೆಕ್ಕವೂ ಬೇಕು

2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಸಂಸ್ಥೆಯ ಬಾಗಿಲು ಮುಚ್ಚಿತು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ದೂರು ನೀಡಿದರು. ಅವರಲ್ಲಿ ಮಗಳ ಮದುವೆಗೆಂದು ಕೂಡಿಟ್ಟವರಿದ್ದರು, ನಿವೃತ್ತಿಯ ಹಣ ತೊಡಗಿಸಿದವರಿದ್ದರು, ಬಳೆ ಮಾರಿ ಕೊಟ್ಟ ವಿಧವೆಯರಿದ್ದರು. ದುಬೈಗೆ ಹೋಗಿದ್ದ ಸಂಸ್ಥೆಯ ಮುಖ್ಯಸ್ಥ ಮನ್ಸೂರ್ ಖಾನ್ ಜುಲೈಯಲ್ಲಿ ದೆಹಲಿಗೆ ಮರಳಿದಾಗ ಬಂಧನವಾಯಿತು. ತನಿಖೆ ಸಿಬಿಐ ಕೈಗೆ ಹೋಯಿತು. ಈ ಪ್ರಕರಣದ ಕುರಿತು ಬಹಳಷ್ಟು ಚರ್ಚೆಯಾಗಿದೆ. ಆದರೆ ಒಂದು ಪ್ರಶ್ನೆಯನ್ನು ನಾವು ಇನ್ನೂ ಸರಿಯಾಗಿ ಎತ್ತಿಕೊಂಡಿಲ್ಲ. ಬಡ್ಡಿಯಿಂದ ದೂರವಿರಬಯಸುವ ಒಬ್ಬ ಸಾಮಾನ್ಯ ಮುಸಲ್ಮಾನ ತನ್ನ ಉಳಿತಾಯವನ್ನು ಎಲ್ಲಿಡಬೇಕು?

ಈ ಪ್ರಶ್ನೆಗೆ ವ್ಯವಸ್ಥೆ ಉತ್ತರ ಕೊಟ್ಟಿಲ್ಲ. 2008ರಲ್ಲಿ ರಘುರಾಮ್ ರಾಜನ್ ಸಮಿತಿಯು ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ಶಿಫಾರಸು ಮಾಡಿತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. 2014ರ ಡಿಸೆಂಬರ್‌ನಲ್ಲಿ ಸ್ಟೇಟ್ ಬ್ಯಾಂಕ್ ಬಳಗದ ಮ್ಯೂಚುವಲ್ ಫಂಡ್ ಒಂದು ಶರೀಅತ್ ನಿಧಿಯನ್ನು ಆರಂಭಿಸಲು ಹೊರಟು, ಕೊನೆಯ ಗಳಿಗೆಯಲ್ಲಿ ಹಿಂದೆಗೆಯಿತು. ಹೀಗೆ ಅಧಿಕೃತ ಬಾಗಿಲುಗಳು ಮುಚ್ಚಿಕೊಂಡಾಗ ಹಿಂಬಾಗಿಲಿನವರು ‘ಹಲಾಲ್’ ಎಂಬ ಫಲಕ ತೂಗುಹಾಕಿ ಕುಳಿತರು. ಗಡ್ಡ, ಟೋಪಿ, ಉಲಮಾಗಳೊಂದಿಗಿನ ಭಾವಚಿತ್ರಗಳೇ ಲೆಕ್ಕಪತ್ರವಾದವು. ಲಾಭ ಎಲ್ಲಿಂದ ಬರುತ್ತದೆಂದು ಕೇಳುವುದೇ ಅವಿಶ್ವಾಸವೆನಿಸಿಕೊಂಡಿತು. ವ್ಯವಸ್ಥೆಯ ಉದಾಸೀನವನ್ನು ಖಂಡಿಸುವಾಗಲೇ ಸಮುದಾಯದ ಈ ಮುಗ್ಧತೆಯನ್ನೂ ನಾವು ಖಂಡಿಸಬೇಕಾಗಿದೆ.

ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಇದೆ. ಅದು ಸದ್ದಿಲ್ಲದೆ 2009ರಿಂದಲೂ ಇದೆ. ಆ ವರ್ಷ ಬೆಂಚ್‌ಮಾರ್ಕ್ ಎಂಬ ಮ್ಯೂಚುವಲ್ ಫಂಡ್ ಸಂಸ್ಥೆಯು ‘ಶರೀಅ ಬೀಸ್’ ಎಂಬ ಇಟಿಎಫ್ ಆರಂಭಿಸಿತು. ಇಟಿಎಫ್ ಎಂದರೆ ಷೇರು ವಿನಿಮಯ ಕೇಂದ್ರದಲ್ಲಿಯೇ ಕೊಂಡು ಮಾರಬಹುದಾದ ನಿಧಿ. ಯಾವುದಾದರೊಂದು ಸೂಚ್ಯಂಕದಲ್ಲಿ ಯಾವ ಕಂಪೆನಿಗಳು ಯಾವ ಪ್ರಮಾಣದಲ್ಲಿವೆಯೋ ಅದೇ ಪ್ರಮಾಣದಲ್ಲಿ ನಿಧಿಯು ಷೇರುಗಳನ್ನು ಹೊಂದಿರುತ್ತದೆ. ಅದರ ಒಂದು ಯೂನಿಟ್ ಕೊಂಡವನಿಗೆ ಅಷ್ಟೂ ಕಂಪೆನಿಗಳಲ್ಲಿ ಚಿಕ್ಕ ಪಾಲು ದೊರೆಯುತ್ತದೆ. ಮದ್ಯ, ತಂಬಾಕು, ಜೂಜು, ಬಡ್ಡಿ ವ್ಯವಹಾರದ ಕಂಪೆನಿಗಳನ್ನೂ ಮಿತಿಮೀರಿ ಸಾಲ ಮಾಡಿದವುಗಳನ್ನೂ ಕೈಬಿಟ್ಟ ಸೂಚ್ಯಂಕವನ್ನು ಶರೀಅ ಬೀಸ್ ಅನುಸರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಈ ನಿಧಿಯನ್ನು ನಡೆಸುವ ಸಂಸ್ಥೆ ಹಲವು ಬಾರಿ ಕೈ ಬದಲಾಯಿಸಿತು. ಬೆಂಚ್‌ಮಾರ್ಕ್‌ನಿಂದ ಗೋಲ್ಡ್‌ಮನ್ ಸ್ಯಾಕ್ಸ್‌ಗೆ, ಅಲ್ಲಿಂದ ರಿಲಯನ್ಸ್‌ಗೆ, 2019ರಲ್ಲಿ ನಿಪ್ಪಾನ್ ಹೆಸರಿಗೆ. ಆದರೂ ಯೂನಿಟ್ ಇಟ್ಟುಕೊಂಡವನ ಪಾಲು ಕರಗಲಿಲ್ಲ. ಏಕೆಂದರೆ ಷೇರುಗಳು ನಡೆಸುವವನ ಜೇಬಿನಲ್ಲಿರದೆ ಪ್ರತ್ಯೇಕ ಪಾಲಕ ಸಂಸ್ಥೆಯ ವಶದಲ್ಲಿರುತ್ತವೆ. ಸೆಬಿಯ ನಿಯಮವೇ ಹಾಗಿದೆ. ಐಎಂಎಯಲ್ಲಿ ಇಲ್ಲದೆ ಹೋದದ್ದು ಇದೇ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲರೂ ನಾಳೆಯೇ ಇಟಿಎಫ್ ಕೊಳ್ಳಬೇಕೆಂದು ಅರ್ಥವಲ್ಲ. ಕೊಳ್ಳುವವನು ಮೊದಲು ತನ್ನ ಉದ್ದೇಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆದಾಯ ಬೇಕೇ, ಬೆಳವಣಿಗೆ ಬೇಕೇ, ಅಥವಾ ಅಪಾಯ ಹಂಚಿಹೋಗಬೇಕೇ? ಈ ಮೂರೂ ಒಂದೇ ಅಲ್ಲ.

ಹಂಚಿಕೆಯ ಪಾಠವನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂತರಘಟ್ಟೆಯ ಸುತ್ತಮುತ್ತ, ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಮಳೆಯನ್ನು ನಂಬಿದ ಬೇಸಾಯಗಾರನು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಾನೆ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಕೈಕೊಟ್ಟ ವರ್ಷ ಅಕ್ಕಡಿ ಮನೆ ನಡೆಸುತ್ತದೆ. ಇಡೀ ಹೊಲಕ್ಕೆ ಈರುಳ್ಳಿಯೊಂದನ್ನೇ ಹಾಕಿ ಬೆಲೆ ಕುಸಿದಾಗ ಏನಾಗುತ್ತದೆಂಬುದನ್ನೂ ಅವನು ಬಲ್ಲ. ವಿಪರ್ಯಾಸವೆಂದರೆ ಹೊಲದಲ್ಲಿ ಇಷ್ಟು ಎಚ್ಚರವಿರುವವನೇ ಅಡಿಕೆ ಮಾರಿ ಬಂದ ಹಣವನ್ನು ಒಂದೇ ಸಂಸ್ಥೆಗೆ, ಒಬ್ಬನೇ ವ್ಯಕ್ತಿಯ ಮಾತಿಗೆ ಒಪ್ಪಿಸಿಬಿಡುತ್ತಾನೆ.

ಆದರೆ ಶರೀಅತ್ ಇಟಿಎಫ್‌ನ ಹಂಚಿಕೆಗೂ ಮಿತಿಯಿದೆ. ನಿಫ್ಟಿಯ ಐವತ್ತು ಕಂಪೆನಿಗಳಲ್ಲಿ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ತೂಕವೇ ಸುಮಾರು ಮೂರನೇ ಒಂದು ಪಾಲು. ಅವು ಹೋದರೆ, ತಂಬಾಕಿನ ಐಟಿಸಿ ಹೋದರೆ, ಹೆಚ್ಚು ಸಾಲವಿರುವವು ಹೋದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಅದರಲ್ಲಿ ಇನ್ಫೋಸಿಸ್, ಟಿಸಿಎಸ್‌ನಂತಹ ಸಾಫ್ಟ್‌ವೇರ್ ಕಂಪೆನಿಗಳ ಭಾರ ಹೆಚ್ಚು. ಅಮೆರಿಕದಲ್ಲಿ ಬೇಡಿಕೆ ಕುಗ್ಗಿದರೆ ಅಜ್ಜಂಪುರದ ಉಳಿತಾಯಗಾರನಿಗೂ ಬಿಸಿ ತಟ್ಟುತ್ತದೆ. ಆದ್ದರಿಂದ ಇದೊಂದನ್ನೇ ನೆಚ್ಚುವುದೂ ಒಂದೇ ಬೆಳೆ ಹಾಕಿದಂತೆ. ಚಿನ್ನದ ಇಟಿಎಫ್ ಇನ್ನೊಂದು ಸಾಲಾಗಬಹುದು. ಭಾರತದಲ್ಲಿ ಅದು 2007ರಿಂದಿದೆ. ಕೈಗೆ ಬಾರದ ಚಿನ್ನದ ಒಡೆತನದ ಕುರಿತು ಉಲಮಾಗಳಲ್ಲಿ ಚರ್ಚೆಯಿದೆ. ಕೇಳಿಯೇ ಮುಂದುವರಿಯುವುದು ಲೇಸು.

ಇನ್ನು ಬೆಳವಣಿಗೆ. ಅದು ಕಾಲವನ್ನು ಕೇಳುತ್ತದೆ. 2008ರ ಜನವರಿಯಿಂದ ಅಕ್ಟೋಬರ್‌ವರೆಗೆ ನಿಫ್ಟಿ ಅರ್ಧಕ್ಕಿಂತಲೂ ಕೆಳಗೆ ಬಿತ್ತು. 2020ರ ಮಾರ್ಚ್ 23ರಂದು ಒಂದೇ ದಿನದಲ್ಲಿ ನೂರಕ್ಕೆ ಹದಿಮೂರರಷ್ಟು ಕುಸಿಯಿತು. ಕಾದವರಿಗೆ ಅದು ಮರಳಿ ಬಂತು, ಕಾಯಲಾಗದವರು ಕಳೆದುಕೊಂಡರು. ಮುಂದಿನ ವರ್ಷದ ಮದುವೆಯ ಹಣ, ಶಾಲೆಯ ಶುಲ್ಕ, ಕೊಳವೆಬಾವಿಯ ಹಣ ಇಲ್ಲಿಗೆ ಬರಬಾರದು. ಸಾಲದ ಹಣವಂತೂ ಕೂಡದೇ ಕೂಡದು. ಐದಾರು ವರ್ಷ ಮುಟ್ಟಬೇಕಾಗಿಲ್ಲದ ಹಣವಿದ್ದರೆ ಮಾತ್ರ ಈ ಮಾತು.

ಅತ್ಯಂತ ಹೆಚ್ಚು ಮೋಸ ನಡೆಯುವುದು ಆದಾಯದ ಹೆಸರಿನಲ್ಲಿ. 2019ರಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್ ಸ್ಥಿರ ಆದಾಯ ಕೊಡುತ್ತದೆ ನಿಜ; ಆದರೆ ಅದು ಸಾಲಪತ್ರಗಳ ಬಡ್ಡಿ. ಅದೇ ವರ್ಷ ಬೆಂಗಳೂರಿನ ಎಂಬೆಸಿ ಕಟ್ಟಡಗಳ ಬಾಡಿಗೆಯನ್ನು ಹಂಚುವ ದೇಶದ ಮೊದಲ ರೀಟ್ ಷೇರು ಪೇಟೆಗೆ ಬಂತು. ಅದು ಇಟಿಎಫ್ ಅಲ್ಲ, ಆದಾಯದ ಮೂಲ ಬಾಡಿಗೆ. ಆದರೆ ಅದಕ್ಕೂ ಸಾಲಗಳಿವೆ. ಷೇರು ಇಟಿಎಫ್‌ನಲ್ಲಿ ಬರುವ ಲಾಭಾಂಶವೆಷ್ಟು? ನಿಫ್ಟಿಯ ಐವತ್ತು ದೊಡ್ಡ ಕಂಪೆನಿಗಳು ಒಟ್ಟಾಗಿ ಇಡೀ ವರ್ಷಕ್ಕೆ ಕೊಡುವುದು ನೂರು ರೂಪಾಯಿಗೆ ಒಂದೂವರೆ ರೂಪಾಯಿಯ ಆಸುಪಾಸು. ಅದನ್ನೂ ಬಹುತೇಕ ನಿಧಿಗಳು ಕೈಗೆ ಕೊಡದೆ ಮರಳಿ ತೊಡಗಿಸುತ್ತವೆ. ದೇಶದ ಅತಿ ದೊಡ್ಡ ಉದ್ದಿಮೆಗಳ ಸ್ಥಿತಿ ಇದಾಗಿರುವಾಗ ತಿಂಗಳಿಗೇ ನೂರಕ್ಕೆ ಎರಡೂವರೆ, ಮೂರು ರೂಪಾಯಿ ಕೊಡುತ್ತೇನೆಂದವನನ್ನು ಜನರು ಹೇಗೆ ನಂಬಿದರು? ಇದೊಂದು ಲೆಕ್ಕ ಗೊತ್ತಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು!

ಆರಿಸುವಾಗ ನೋಡಬೇಕಾದುದು ನಾಲ್ಕು ಸಂಗತಿ. ಮೊದಲನೆಯದು, ನಿಧಿಯು ಯಾವ ಸೂಚ್ಯಂಕವನ್ನು ಅನುಸರಿಸುತ್ತದೆ, ಅದರಲ್ಲಿ ಯಾರಿದ್ದಾರೆ. ಎರಡನೆಯದು, ವಾರ್ಷಿಕ ವೆಚ್ಚ. ಚಿಕ್ಕದೆಂದು ಕಂಡರೂ ಇಪ್ಪತ್ತು ವರ್ಷದಲ್ಲಿ ಅದು ದೊಡ್ಡ ಮೊತ್ತ. ಮೂರನೆಯದು, ಸೂಚ್ಯಂಕ ಏರಿದಷ್ಟು ನಿಧಿಯೂ ಏರಿದೆಯೇ ಎಂಬ ವ್ಯತ್ಯಾಸ. ನಾಲ್ಕನೆಯದು, ದಿನಕ್ಕೆ ಎಷ್ಟು ಯೂನಿಟ್ ವಹಿವಾಟಾಗುತ್ತದೆ. ಕೊಳ್ಳುವವರು ಕಡಿಮೆಯಿರುವ ನಿಧಿಯಲ್ಲಿ ಬೆಲೆಯು ನಿಜ ಮೌಲ್ಯದಿಂದ ದೂರ ಸರಿಯುತ್ತದೆ. ಅಲ್ಲಿ ಇಷ್ಟೇ ಬೆಲೆಗೆ ಎಂದು ನಮೂದಿಸದೆ ಕೊಂಡರೆ ಸಂತೆಯಲ್ಲಿ ದರ ಕೇಳದೆ ಚೀಲ ತುಂಬಿಸಿದಂತೆ. ತೆರಿಗೆಯೂ ಇದೆ. 2024ರ ಜುಲೈನಲ್ಲಿ ಬದಲಾದ ನಿಯಮದಂತೆ, ಒಂದು ವರ್ಷ ಮೀರಿ ಇಟ್ಟು ಮಾರಿದ ಷೇರು ನಿಧಿಯಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿ ದಾಟಿದ ಲಾಭಕ್ಕೆ ಶೇ. 12.5. ಬೆಳೆದ ಸಂಪತ್ತಿಗೆ ಝಕಾತ್ ಇದೆಯೆಂಬುದನ್ನೂ, ಕಂಪೆನಿಗಳ ಆದಾಯದಲ್ಲಿ ಬೆರೆತ ಅಲ್ಪಸ್ವಲ್ಪ ಬಡ್ಡಿಯ ಪಾಲನ್ನು ದಾನ ಮಾಡಿ ಶುದ್ಧೀಕರಿಸಬೇಕೆಂಬುದನ್ನೂ ಮರೆಯಬಾರದು.

ಪ್ರವಾದಿ ಯೂಸುಫರು ಸುಭಿಕ್ಷದ ಏಳು ವರ್ಷಗಳಲ್ಲಿ ಧಾನ್ಯ ಕೂಡಿಟ್ಟು ಕ್ಷಾಮದ ಏಳು ವರ್ಷಗಳನ್ನು ಎದುರಿಸಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದು ಪವಾಡದಷ್ಟೇ ಲೆಕ್ಕಾಚಾರದ ಕಥೆಯೂ ಹೌದು. ನಮ್ಮ ಮಸೀದಿ ಸಮಿತಿಗಳು ವರ್ಷಕ್ಕೊಮ್ಮೆಯಾದರೂ ಬಲ್ಲವರನ್ನು ಕರೆಸಿ ಡಿಮ್ಯಾಟ್ ಎಂದರೇನು, ಸೆಬಿ ನೋಂದಣಿಯನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಜನರಿಗೆ ತಿಳಿಸಲಿ. ಮಹಿಳೆಯರೂ ಆ ಸಭೆಯಲ್ಲಿರಲಿ, ಏಕೆಂದರೆ ಕಳೆದುಹೋದ ಒಡವೆ ಅವರದು. ಯಾವ ಸಂಸ್ಥೆಗಾದರೂ ತಮ್ಮ ಹೆಸರು ಕೊಡುವ ಮುನ್ನ ಉಲಮಾಗಳು ಅದರ ಲೆಕ್ಕಪರಿಶೋಧನಾ ವರದಿಯನ್ನು ಕೇಳಲಿ. ಸರಕಾರವು ಬಡ್ಡಿರಹಿತ ಉಳಿತಾಯದ ಪ್ರಶ್ನೆಯನ್ನು ಮತಬ್ಯಾಂಕಿನ ಕಣ್ಣಿನಿಂದ ನೋಡುವುದನ್ನು ಬಿಡಲಿ. ಹಲಾಲ್ ಎಂಬುದು ಫಲಕದ ಮೇಲಿನ ಅಕ್ಷರವಲ್ಲ. ಹಣ ಎಲ್ಲಿಗೆ ಹೋಯಿತು, ಹೇಗೆ ಬೆಳೆಯಿತು ಎಂದು ಕೇಳಿದಾಗ ತೆರೆದುಕೊಳ್ಳುವ ಲೆಕ್ಕಪುಸ್ತಕವೇ ಅದರ ಮೊದಲ ಸಾಕ್ಷಿ.